ಸಾಸಿವೆ ಡಬ್ಬಿಯ ದುಡ್ಡು, ರಾತ್ರಿಯ ನಿದ್ದೆ

ನಮ್ಮ ಅಮ್ಮನ ಸಾಸಿವೆ ಡಬ್ಬಿ ಸ್ಟೀಲಿನದು. ಮುಚ್ಚಳದ ಮೇಲೆ ಅಜ್ಜಿಯ ಹೆಸರು ಕೊರೆಸಿದೆ. ಸಾಸಿವೆಯ ಅಡಿಯಲ್ಲಿ ತೊಳೆದು ಒಣಗಿಸಿದ ಒಂದು ಹಾಲಿನ ಕವರು, ಅದರೊಳಗೆ ನಾಲ್ಕು ಮಡಿಕೆಯ ನೋಟುಗಳು. ತರಕಾರಿ ತರುವಾಗ ಉಳಿಸಿದ್ದು, ಹಳೇ ಪೇಪರ್ ಮಾರಿದ್ದು, ಗೌರಿ ಹಬ್ಬಕ್ಕೆ ತವರಿನಿಂದ ಬಂದಿದ್ದು. ನೋಟು ಬಿಡಿಸಿದರೆ ಮಡಿಕೆಯಿಂದ ಒಂದೆರಡು ಸಾಸಿವೆ ಕಾಳು ಉದುರುತ್ತಿದ್ದವು.

ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಅಪ್ಪನಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಮೂವತ್ತು ಸಾವಿರ ಮುಂಗಡ ಕಟ್ಟಿ ಅಂದರು. ನಾವೇನು ಬಡವರಾಗಿರಲಿಲ್ಲ. ಊರಾಚೆ ಒಂದು ಸೈಟು ಇತ್ತು, ಅಮ್ಮನ ಒಡವೆ ಇತ್ತು, ಎರಡು ಎಲ್‌ಐಸಿ ಪಾಲಿಸಿ ಇತ್ತು, ಬೀರುವಿನಲ್ಲಿ ಎಫ್‌ಡಿ ರಸೀದಿ ಇತ್ತು. ಇಪ್ಪತ್ತೈದು ವರ್ಷ ಕೈ ಬಿಗಿ ಹಿಡಿದು ಅಪ್ಪ ಮಾಡಿಟ್ಟಿದ್ದು ಅದೆಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಸೈಟು ಯಾರು ಕೊಳ್ಳುತ್ತಾರೆ? ಎಟಿಎಂನಿಂದ ಹದಿನೈದು ಸಾವಿರ ಬಂತು, ಖಾತೆಯಲ್ಲಿ ಅಷ್ಟೇ ಇದ್ದದ್ದು. ಆಗ ಅಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಆ ಹಾಲಿನ ಕವರು ತೆಗೆದು ಕೌಂಟರ್ ಮೇಲಿಟ್ಟರು. ಎಂಟು ಸಾವಿರದ ಆರುನೂರು ರೂಪಾಯಿ. ಉಳಿದದ್ದನ್ನು ಚಿಕ್ಕಪ್ಪ ಬೈಕಿನಲ್ಲಿ ತಂದರು. ಅಪ್ಪ ಉಳಿದುಕೊಂಡರು.

ಆ ರಾತ್ರಿಯಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿಯಿತು. ಲಕ್ಷಗಟ್ಟಲೆ ಬೆಲೆಯ ಸೈಟು ಮಾಡಲಾಗದ ಕೆಲಸವನ್ನು ಎಂಟು ಸಾವಿರ ಹೇಗೆ ಮಾಡಿತು? ನನಗೆ ಸಿಕ್ಕ ಉತ್ತರ ಇದು. ಕೈ ಬಿಗಿ ಹಿಡಿದರೆ ದುಡ್ಡು ಉಳಿಯುತ್ತದೆ, ಆದರೆ ಉಳಿದ ದುಡ್ಡೆಲ್ಲ ತಾನಾಗೇ ನೆಮ್ಮದಿಯಾಗುವುದಿಲ್ಲ. ಯಾವ ತೊಂದರೆಗೆ ಯಾವ ದುಡ್ಡು ಅಂತ ಮೊದಲೇ ಗೊತ್ತುಮಾಡಿ ಹೆಸರಿಟ್ಟರೆ ನೆಮ್ಮದಿ ಬರುತ್ತದೆ. ಹಾಗೆ ಹೆಸರಿಟ್ಟವರಿಗೆ ಇನ್ನೊಂದು ವಿಷಯವೂ ತಿಳಿಯುತ್ತದೆ: ಎಲ್ಲಿಯ ತನಕ ಬಿಗಿ ಹಿಡಿಯಬೇಕು, ಎಲ್ಲಿಂದ ಕೈ ಸಡಿಲ ಬಿಡಬಹುದು ಅಂತ. ಈ ಎರಡನೆಯದನ್ನು ನಮ್ಮ ಮನೆಗಳಲ್ಲಿ ಯಾರೂ ಕಲಿಸುವುದಿಲ್ಲ.

ಕೈ ಖಾಲಿಯಾದಾಗ ತಲೆ ಯಾಕೆ ಓಡುವುದಿಲ್ಲ?

2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವೊ ಸೇರಿ ಮಾಡಿದ್ದು. ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ ಒಂದು ಸಲ, ಕಟಾವಾದ ಮೇಲೆ ಇನ್ನೊಂದು ಸಲ ಬುದ್ಧಿ ಚುರುಕು ಅಳೆಯುವ ಪರೀಕ್ಷೆ ಕೊಟ್ಟರು. ಚಿತ್ರದ ಒಗಟು ಬಿಡಿಸುವಂಥದ್ದು. ಅದೇ ರೈತ, ಅದೇ ತಲೆ. ಆದರೂ ಕಟಾವಿಗೆ ಮುಂಚೆ, ಗಿರವಿ ಕೈಸಾಲ ಜಾಸ್ತಿ ಇದ್ದ ಹೊತ್ತಿನಲ್ಲಿ, ಉತ್ತರ ಸರಿಯಾಗಿ ಬರಲಿಲ್ಲ. ಕಟಾವಾದ ಮೇಲೆ ಚೆನ್ನಾಗಿ ಬಂತು. ದುಡ್ಡಿನ ಚಿಂತೆಯೇ ತಲೆಯ ಜಾಗ ತಿನ್ನುತ್ತದೆ ಅಂತ ಅವರು ಹೇಳಿದರು. ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬು ಕಾರ್ಖಾನೆಗೆ ಹೋಗಿ ಹದಿನಾಲ್ಕು ದಿನದಲ್ಲಿ ದುಡ್ಡು ಕೊಡಬೇಕು ಅಂತ ಕಾನೂನಿದೆ. ಆ ದಿನ ದಾಟಿದ ಮೇಲೂ ಬಿಲ್ಲು ಬರದಿದ್ದರೆ ಮನೆಯಲ್ಲಿ ಮಾತು ಹೇಗಿರುತ್ತದೆ ಅಂತ ಅಲ್ಲಿ ಬೆಳೆದ ಮಕ್ಕಳಿಗೆಲ್ಲ ಗೊತ್ತು.

ಹಾಗಾಗಿ ಸ್ವಲ್ಪ ದುಡ್ಡು ಕೈಯಲ್ಲಿರುವುದು ಅಂದರೆ ಖರ್ಚಿಗೆ ಆಯಿತು ಅನ್ನುವಷ್ಟೇ ಅಲ್ಲ, ತಲೆ ಸರಿಯಾಗಿ ಓಡುತ್ತದೆ, ಮಕ್ಕಳ ಮೇಲೆ ಕೂಗಾಡುವುದು ಕಡಿಮೆಯಾಗುತ್ತದೆ, ಯಾರೋ ಬಂದು ಕಷ್ಟದ ಹೊತ್ತಿನಲ್ಲಿ ದುಬಾರಿ ಸಾಲ ಕೊಡುತ್ತೇನೆ ಅಂದಾಗ ಬೇಡ ಅನ್ನುವ ಧೈರ್ಯ ಬರುತ್ತದೆ. ಅದಕ್ಕೇ ಮೊದಲ ಐವತ್ತು ಸಾವಿರ ಕೊಡುವಷ್ಟು ನೆಮ್ಮದಿಯನ್ನು ಆಮೇಲಿನ ಐದು ಲಕ್ಷ ಕೊಡುವುದಿಲ್ಲ.

ಪೆನ್ನು ಪೇಪರ್ ತಗೊಳ್ಳಿ

ಬಿಗಿ ಹಿಡಿತ ಎಷ್ಟು ಬೇಕು ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ ಇದೆ. ನನಗೆ ಇದು ಅರ್ಥವಾದ ದಿನ ನಿಜವಾಗಲೂ ಹಗುರ ಅನ್ನಿಸಿತ್ತು.

ಮೈಸೂರಿನಲ್ಲಿ ಒಂದು ಬಾಡಿಗೆ ಮನೆ ಅಂದುಕೊಳ್ಳಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಕೈಗೆ ಬರೋದು ತಿಂಗಳಿಗೆ 60 ಸಾವಿರ, ಖರ್ಚು 50 ಸಾವಿರ, ಉಳಿಯೋದು 10 ಸಾವಿರ. ಆರು ತಿಂಗಳ ಖರ್ಚಿನಷ್ಟು ದುಡ್ಡು ಬೇರೆ ಇಡಬೇಕು ಅಂತ ಇವರಿಗೆ ಆಸೆ. ಅಂದರೆ 3 ಲಕ್ಷ. ತಿಂಗಳಿಗೆ 10 ಸಾವಿರದಂತೆ 30 ತಿಂಗಳು ಬೇಕು, ಎರಡೂವರೆ ವರ್ಷ.

ಈಗ ಖರ್ಚಿನಲ್ಲಿ 5 ಸಾವಿರ ಕಡಿಮೆ ಮಾಡಲಿ. ಖರ್ಚು 45 ಸಾವಿರ, ಉಳಿತಾಯ 15 ಸಾವಿರ. ಇಲ್ಲೊಂದು ವಿಶೇಷ ನೋಡಿ: ಖರ್ಚು ಇಳಿದಿದ್ದಕ್ಕೆ ಮುಟ್ಟಬೇಕಾದ ಗುರಿಯೂ ಇಳಿಯಿತು. ಆರು ತಿಂಗಳಿಗೆ 2.7 ಲಕ್ಷ ಸಾಕು. 18 ತಿಂಗಳಲ್ಲಿ ಮುಗಿಯುತ್ತದೆ. ಐದು ಸಾವಿರ ಬಿಟ್ಟಿದ್ದಕ್ಕೆ ಪೂರ್ತಿ ಒಂದು ವರ್ಷ ಮೊದಲೇ ನೆಮ್ಮದಿ ಸಿಕ್ಕಿತು. ಸಂಬಳ ಐದು ಸಾವಿರ ಜಾಸ್ತಿಯಾಗಿದ್ದರೆ ಉಳಿತಾಯ ಮಾತ್ರ ಹೆಚ್ಚುತ್ತಿತ್ತು, ಗುರಿ ಇಳಿಯುತ್ತಿರಲಿಲ್ಲ. ಹಿಡಿತದ ಬದುಕಿಗೆ ಇರುವ ನಿಜವಾದ ಶಕ್ತಿ ಇದು, ಎರಡೂ ಕಡೆಯಿಂದ ಕೆಲಸ ಮಾಡುತ್ತದೆ.

ಇನ್ನೂ 5 ಸಾವಿರ ಕಡಿಮೆ ಮಾಡಿದರೆ? ಖರ್ಚು 40, ಉಳಿತಾಯ 20, ಗುರಿ 2.4 ಲಕ್ಷ, 12 ತಿಂಗಳು. ಈ ಸಲ ಉಳಿದದ್ದು ಆರು ತಿಂಗಳು. ಇನ್ನೂ 5 ಸಾವಿರ ಹಿಂಡಿದರೆ? ಖರ್ಚು 35, ಉಳಿತಾಯ 25, ಗುರಿ 2.1 ಲಕ್ಷ, ಸುಮಾರು ಎಂಟೂವರೆ ತಿಂಗಳು. ಈ ಸಲ ಉಳಿದದ್ದು ಬರೀ ಮೂರೂವರೆ ತಿಂಗಳು.

ಅಂದರೆ ಹಿಂಡುತ್ತಾ ಹೋದಂತೆ ಸಿಗುವ ರಸ ಕಡಿಮೆ. ಆದರೆ ನೋವು? ಅದು ಉಲ್ಟಾ. ಮೊದಲ ಐದು ಸಾವಿರ ಸುಲಭವಾಗಿ ಸಿಗುತ್ತದೆ. ಯಾರೂ ನೋಡದ ಒಟಿಟಿ ಚಂದಾ, ಬೇಜಾರಾದಾಗಲೆಲ್ಲ ಫೋನಿನಲ್ಲಿ ತರಿಸುವ ಊಟ, ಆಫರ್ ಇದೆ ಅಂತ ಕೊಂಡು ಬೀರುವಿನಲ್ಲಿ ಮಡಚಿಟ್ಟ ಬಟ್ಟೆ. ಎರಡನೇ ಐದು ಸಾವಿರಕ್ಕೆ ಮಗಳ ಸಂಗೀತ ಪಾಠ, ತಿಂಗಳಿಗೊಮ್ಮೆ ಊರಿಗೆ ಹೋಗಿ ಬರೋದು, ಮನೆಗೆ ತರುವ ಹಣ್ಣು ಹೋಗುತ್ತದೆ. ಮೂರನೆಯದಕ್ಕೆ ಮನೆ, ಶಾಲೆ, ಔಷಧಿ. ನನ್ನ ಮಟ್ಟಿಗೆ ಹೇಳುವುದಾದರೆ ಎರಡನೆಯದರ ಅರ್ಧಕ್ಕೇ ನಿಲ್ಲಿಸಬೇಕು. ಕೆಲಸ ಹೋಗಿದೆ, ಸಾಲ ಕುತ್ತಿಗೆಗೆ ಬಂದಿದೆ ಅಂದರೆ ಮಾತು ಬೇರೆ. ಆದರೆ ಸಂಬಳ ಬರುತ್ತಿರುವಾಗ ಆರು ತಿಂಗಳು ಬೇಗ ಮುಗಿಯಲಿ ಅಂತ ಮಗುವಿನ ಸಂಗೀತ ಪಾಠ ಬಿಡಿಸಬೇಡಿ.

ನಿಮ್ಮ ಮನೆಯ ಅಂಕಿ ಹಾಕಿ ನೋಡಿ. ಸುಮ್ನೆ ಅಂದಾಜು ಬೇಡ, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಯುಪಿಐ ಲೆಕ್ಕ ತೆಗೆದು ನೋಡಿ. ಇಪ್ಪತ್ತು, ಮೂವತ್ತು ರೂಪಾಯಿಯ ಸ್ಕ್ಯಾನ್‌ಗಳೇ ತಿಂಗಳ ಕೊನೆಗೆ ಸಾವಿರಗಟ್ಟಲೆ ಆಗಿರುತ್ತವೆ.

ದುಡ್ಡಿಗೆ ಹೆಸರಿಡುವುದು

ನಮ್ಮ ಮನೆಯಲ್ಲಿ ಈಗ ಮೊದಲನೆಯದಕ್ಕೆ ‘ರಾತ್ರಿ ದುಡ್ಡು’ ಅನ್ನುತ್ತೇವೆ. ಅಪ್ಪನ ಆ ರಾತ್ರಿಯಿಂದ ಬಂದ ಹೆಸರು. ಯಾವ ಹೊತ್ತಿನಲ್ಲಾದರೂ, ಯಾರ ಸಹಿಯೂ ಇಲ್ಲದೆ, ಹತ್ತು ನಿಮಿಷದಲ್ಲಿ ಕೈಗೆ ಸಿಗಬೇಕು. ಐದು ಸಾವಿರ ನಗದು ಮನೆಯಲ್ಲಿ, ಉಳಿದ ನಲವತ್ತೈದು ಸಾವಿರ ಒಂದು ಉಳಿತಾಯ ಖಾತೆಯಲ್ಲಿ. ಆ ಖಾತೆಗೆ ಯುಪಿಐ ಜೋಡಿಸಿಲ್ಲ, ಎಟಿಎಂ ಕಾರ್ಡ್ ಮಾತ್ರ ಇದೆ. ಎಲ್ಲಿದೆ, ಪಿನ್ ಏನು ಅಂತ ನನಗೂ ನನ್ನ ಹೆಂಡತಿಗೂ ಗೊತ್ತು. ಇದಕ್ಕೆ ಬಡ್ಡಿ ಕಡಿಮೆ ಅಂತ ಕೊರಗಬಾರದು, ಬಡ್ಡಿಗೆ ಇಟ್ಟ ದುಡ್ಡಲ್ಲ ಅದು.

ಎರಡನೆಯದು ‘ಆರು ತಿಂಗಳ ದುಡ್ಡು’. ಕೆಲಸ ಹೋದರೆ, ಅಂಗಡಿ ಮುಚ್ಚಿದರೆ ಮನೆ ನಡೆಯಬೇಕಲ್ಲ, ಅದಕ್ಕೆ. ಎಲ್ಲರಿಗೂ ಆರೇ ಬೇಕು ಅಂತಿಲ್ಲ. ಸರ್ಕಾರಿ ನೌಕರಿ ಇರುವವರಿಗೆ ಮೂರು ಸಾಕಾಗಬಹುದು. ಬೆಂಗಳೂರಿನ ಐಟಿ ಕೆಲಸ, ಆಟೋ, ಸ್ವಂತ ಅಂಗಡಿ, ಗುತ್ತಿಗೆ ಕೆಲಸ ಇರುವವರಿಗೆ ಒಂಬತ್ತಾದರೂ ಇದ್ದರೆ ಒಳ್ಳೆಯದು. ರೈತರಿಗೆ ತಿಂಗಳ ಲೆಕ್ಕವೇ ಸರಿಹೋಗುವುದಿಲ್ಲ, ಒಂದು ಬೆಳೆ ಕೈಕೊಟ್ಟರೂ ಮುಂದಿನ ಬೆಳೆ ಕೈಗೆ ಬರುವ ತನಕ ಎಷ್ಟು ಬೇಕೋ ಅಷ್ಟು. ಇದನ್ನು ಎಫ್‌ಡಿಯಲ್ಲಿ ಇಡಬಹುದು, ಆದರೆ ಒಂದೇ ದೊಡ್ಡ ಎಫ್‌ಡಿ ಬೇಡ. ಐವತ್ತು ಸಾವಿರದ ಐದಾರು ಎಫ್‌ಡಿ ಮಾಡಿ. ಒಂದು ಮುರಿಸಿದರೆ ಉಳಿದವು ಹಾಗೇ ಇರುತ್ತವೆ.

ಮೂರನೆಯದು ವಿಮೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಕೈ ಬಿಗಿ ಇರುವವರು ತಪ್ಪದೆ ಎಡವುವ ಜಾಗ ಇದು. “ಏನೂ ಆಗಲಿಲ್ಲ ಅಂದ್ರೆ ಕಟ್ಟಿದ್ದು ವೇಸ್ಟ್ ಅಲ್ವಾ?” ಅಂತ ಅಪ್ಪನೇ ಕೇಳುತ್ತಿದ್ದರು. ಎಲ್‌ಐಸಿ ಪಾಲಿಸಿ ಮಾಡಿಸಿದ್ದೂ ಕೊನೆಗೆ ದುಡ್ಡು ವಾಪಸ್ ಬರುತ್ತದೆ ಅಂತಲೇ, ಆರೋಗ್ಯ ವಿಮೆ ಮಾತ್ರ ಮಾಡಿಸಲೇ ಇಲ್ಲ. ಆದರೆ ಯೋಚನೆ ಮಾಡಿ. ಆರೋಗ್ಯ ವಿಮೆ ಇಲ್ಲದ ಮನೆಯವರು ಆಸ್ಪತ್ರೆಗೆ ಅಂತ ಎಷ್ಟು ತೆಗೆದಿಟ್ಟರೆ ಸಾಕು? ಮೂರು ಲಕ್ಷವೋ, ಹತ್ತು ಲಕ್ಷವೋ? ಕೊನೆಯೇ ಇಲ್ಲ. ಕೊನೆ ಇಲ್ಲದ್ದಕ್ಕೆ ಅವರಿಗೆ ಎಷ್ಟು ಉಳಿಸಿದರೂ ಸಾಕು ಅನ್ನಿಸುವುದೇ ಇಲ್ಲ, ಕೈ ಸಡಿಲ ಬಿಡುವ ಧೈರ್ಯವೂ ಬರುವುದಿಲ್ಲ. ಪ್ರೀಮಿಯಂ ಕಟ್ಟಿದವರ ಆ ಭಯಕ್ಕೆ ಒಂದು ಎಲ್ಲೆ ಬೀಳುತ್ತದೆ. ಅವರು ಕಡಿಮೆ ಉಳಿಸಿಯೂ ನಿದ್ದೆ ಮಾಡಬಹುದು.

ಮುಂದಕ್ಕೆ ಹಾಕುವುದರಲ್ಲೂ ಲಾಭವಿಲ್ಲ. ಬಿಪಿ, ಶುಗರ್ ಥರದ ಮೊದಲೇ ಇರುವ ಕಾಯಿಲೆಗೆ ವಿಮೆ ಕೊಡಲು ಕಂಪನಿಗಳು ಮೂರು ವರ್ಷದ ತನಕ ಕಾಯಿಸಬಹುದು ಅಂತ ನಿಯಮ ಇದೆ. ಕಾಯಿಲೆ ಬರುವ ಮೊದಲು ಮಾಡಿಸಿದವರಿಗೆ ಆ ಕಾಯುವಿಕೆ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಮತ್ತು ಜೀವ ವಿಮೆಯ ಪ್ರೀಮಿಯಂ ಮೇಲೆ ಜಿಎಸ್‌ಟಿ ತೆಗೆದಿದ್ದಾರೆ, ಮೊದಲು ಆರೋಗ್ಯ ವಿಮೆಗೆ ನೂರಕ್ಕೆ 18 ಇತ್ತು. ಇಷ್ಟೂ ಕಷ್ಟ ಅನ್ನುವವರು ಬ್ಯಾಂಕಿಗೆ ಹೋಗಿ ಎರಡು ಫಾರಂ ತುಂಬಿ. ಪ್ರಧಾನಮಂತ್ರಿ ಸುರಕ್ಷಾ ಬೀಮಾ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ತೀರಿಕೊಂಡರೆ 2 ಲಕ್ಷ. ಜೀವನ್ ಜ್ಯೋತಿ ಬೀಮಾ ವರ್ಷಕ್ಕೆ 436 ರೂಪಾಯಿ, ಯಾವ ಕಾರಣಕ್ಕೆ ತೀರಿಕೊಂಡರೂ 2 ಲಕ್ಷ, 18ರಿಂದ 50 ವರ್ಷದವರು ಸೇರಬಹುದು. ಎರಡೂ ಸೇರಿ ದಿನಕ್ಕೆ ಒಂದೂಕಾಲು ರೂಪಾಯಿ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನಿಗೆ ಈ ಫಾರಂ ತುಂಬಿಸಲು ಒಂದು ಮಧ್ಯಾಹ್ನ ಬ್ಯಾಂಕಿನಲ್ಲಿ ಕೂತಿದ್ದೆ. ನಿಮ್ಮ ಮನೆಗೆ ಬರುವವರಿಗೂ ತುಂಬಿಸಿಕೊಡಿ.

ನಾಲ್ಕನೆಯದು ‘ಮುಂದಿನ ದುಡ್ಡು’, ವರ್ಷಗಟ್ಟಲೆ ಮುಟ್ಟದೆ ಬೆಳೆಯಲು ಬಿಡುವಂಥದ್ದು. ಪಿಪಿಎಫ್, ಸುಕನ್ಯಾ ಸಮೃದ್ಧಿ, ಮ್ಯೂಚುವಲ್ ಫಂಡ್, ಎನ್‌ಪಿಎಸ್, ಸೈಟು, ಚಿನ್ನ ಎಲ್ಲ ಇಲ್ಲಿ. ಇದರ ಬಗ್ಗೆ ಹೇಳುವವರು ಸಾವಿರ ಜನ ಇದ್ದಾರೆ. ನಾನು ಒಂದೇ ಮಾತು ಹೇಳುತ್ತೇನೆ: ಮೇಲಿನ ಮೂರು ಆಗುವ ಮೊದಲು ಇದಕ್ಕೆ ಕೈ ಹಾಕಿದ್ದೇ ನಮ್ಮ ಅಪ್ಪ ಮಾಡಿದ ತಪ್ಪು. ಅವರು ಸೈಟು ತಗೊಂಡರು, ರಾತ್ರಿ ದುಡ್ಡು ಇಡಲಿಲ್ಲ.

ಕ್ರೆಡಿಟ್ ಕಾರ್ಡ್ ಬಾಕಿ ಇರುವವರು ಈ ನಾಲ್ಕರ ಕ್ರಮವನ್ನೇ ಸ್ವಲ್ಪ ಬದಲಿಸಬೇಕು. ತಿಂಗಳಿಗೆ ನೂರಕ್ಕೆ ಮೂರೂವರೆ ಅಂದರೆ ವರ್ಷಕ್ಕೆ 42. ‘ಮಿನಿಮಮ್ ಡ್ಯೂ’ ಅಂತ ಬಿಲ್ಲಿನಲ್ಲಿರುವ ಕನಿಷ್ಠ ಮೊತ್ತ ಕಟ್ಟಿದರೂ ಉಳಿದದ್ದಕ್ಕೆ ಬಡ್ಡಿ ಓಡುತ್ತಲೇ ಇರುತ್ತದೆ. ಅಂಥವರು ರಾತ್ರಿ ದುಡ್ಡು ಅಂತ ಇಪ್ಪತ್ತೈದು ಸಾವಿರ ಇಟ್ಟುಕೊಂಡು, ಉಳಿದಿದ್ದನ್ನೆಲ್ಲ ಮೊದಲು ಆ ಸಾಲಕ್ಕೆ ಹಾಕಲಿ. ನೂರಕ್ಕೆ 42 ಕೊಡುವ ಎಫ್‌ಡಿ ಯಾವ ಊರಲ್ಲೂ ಇಲ್ಲ.

ಇಡುವ ಜಾಗ

2016ರ ನವೆಂಬರ್ 8ರ ರಾತ್ರಿ 500, 1000ದ ಹಳೇ ನೋಟು ರದ್ದಾದಾಗ ಅಮ್ಮ ಡಬ್ಬಿ ತಂದು ಪೇಪರ್ ಮೇಲೆ ಸುರಿದರು. ಅಷ್ಟು ಹೊತ್ತಿಗೆ ಅವರ ಉಳಿತಾಯ ಐನೂರರ ನೋಟಿಗೆ ಏರಿತ್ತು. ಹತ್ತೊಂಬತ್ತು ಸಾವಿರ. ಅಪ್ಪನಿಗೆ ಗೊತ್ತೇ ಇರಲಿಲ್ಲ. ಬ್ಯಾಂಕಿನ ಕ್ಯೂನಲ್ಲಿ ಅವರ ಹೆಸರಲ್ಲೇ ಒಂದು ಖಾತೆ ಮಾಡಿಸಿ ಕಟ್ಟಿ ಬಂದೆವು. ಅರವತ್ತು ದಾಟಿದ ಹೆಂಗಸಿಗೆ ಅದು ಮೊದಲ ಸ್ವಂತ ಖಾತೆ.

ನೋಟು ರದ್ದಾಗದಿದ್ದರೂ ಡಬ್ಬಿಯಲ್ಲಿ ದುಡ್ಡು ಸವೆಯುತ್ತದೆ. ಬೆಲೆ ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ, ದುಪ್ಪಟ್ಟಾಗಲು ಎಷ್ಟು ವರ್ಷ ಅನ್ನುವ ಅಂದಾಜಿಗೆ 72ನ್ನು 6ರಿಂದ ಭಾಗಿಸಿ. ಹನ್ನೆರಡು. ಹನ್ನೆರಡು ವರ್ಷಕ್ಕೆ ಬೆಲೆ ದುಪ್ಪಟ್ಟು, ಡಬ್ಬಿಯ ಸಾವಿರ ರೂಪಾಯಿ ಐನೂರರ ಸಾಮಾನು ತರುತ್ತದೆ. ಅದಕ್ಕೇ ರಾತ್ರಿ ದುಡ್ಡಿನ ಆ ಐದು ಸಾವಿರ ಬಿಟ್ಟು ಬೇರೆ ನಗದು ಇಡಬಾರದು.

ಬ್ಯಾಂಕಿನಲ್ಲಿ ಇಟ್ಟ ದುಡ್ಡಿಗೆ ಡಿಐಸಿಜಿಸಿ ಅನ್ನುವ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ವಿಮೆ ಇದೆ. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಸೇರಿ, 5 ಲಕ್ಷದ ತನಕ. 2020ರ ಫೆಬ್ರುವರಿ ತನಕ ಇದು ಬರೀ 1 ಲಕ್ಷ ಇತ್ತು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಉಂಟು. ಆದರೆ ದಯವಿಟ್ಟು ಇದನ್ನು ಗಮನಿಸಿ: ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆ ಇಲ್ಲ. ಬೋರ್ಡ್ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ, ಕೌಂಟರ್ ಒಂದೇ ಥರ, ಪಾಸ್‌ಬುಕ್ ಒಂದೇ ಥರ. ಒಂದು, ಒಂದೂವರೆ ಪರ್ಸೆಂಟ್ ಜಾಸ್ತಿ ಬಡ್ಡಿ ಸಿಗುತ್ತದೆ ಅಂತ ರಿಟೈರ್ ಆದ ದುಡ್ಡನ್ನೆಲ್ಲ ಅಲ್ಲಿಟ್ಟು, ಸಂಘ ಮುಳುಗಿದ ಮೇಲೆ ಬಾಗಿಲ ಮುಂದೆ ನಿಂತ ಹಿರಿಯರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರೆಲ್ಲ ಜೀವನವಿಡೀ ಹಿಡಿತದಲ್ಲಿ ಬದುಕಿದವರು, ಅದೇ ಹೊಟ್ಟೆ ಉರಿಯುವ ಸಂಗತಿ. ದುಡ್ಡು ಇಡುವ ಮೊದಲು “ಇಲ್ಲಿ ಡಿಐಸಿಜಿಸಿ ವಿಮೆ ಇದೆಯಾ?” ಅಂತ ಒಂದು ಪ್ರಶ್ನೆ ಕೇಳಿ. ನಾಚಿಕೆ ಬೇಡ. ನಾಮಿನಿ ಹೆಸರೂ ಅದೇ ದಿನ ಬರೆಸಿ, 2025ರ ನವೆಂಬರ್‌ನಿಂದ ಒಂದು ಖಾತೆಗೆ ನಾಲ್ಕು ಜನರನ್ನು ನಾಮಿನಿ ಮಾಡಬಹುದು.

ಚೀಟಿ ಹಾಕುವವರು ನೋಂದಣಿಯಾದ ಚೀಟಿಗೇ ಹಾಕಿ. ಪಕ್ಕದ ಬೀದಿಯ ಚೀಟಿ ಎಷ್ಟೇ ನಂಬಿಕೆಯದ್ದಾದರೂ ರಾತ್ರಿ ದುಡ್ಡನ್ನೂ ಆರು ತಿಂಗಳ ದುಡ್ಡನ್ನೂ ಅಲ್ಲಿಗೆ ಒಯ್ಯಬೇಡಿ.

ಕೊಡ ತುಂಬಿದ ಮೇಲೆ

ಈಗ ಕಷ್ಟದ ಭಾಗಕ್ಕೆ ಬರೋಣ. ಉಳಿಸುವುದನ್ನು ಕಲಿತವರಿಗೆ ನಿಲ್ಲಿಸುವುದು ಬರುವುದಿಲ್ಲ.

ಅಮ್ಮನ ಖಾತೆ ತುಂಬಿತು. ಅಪ್ಪನ ಪೆನ್ಶನ್ ಬರುತ್ತಿತ್ತು, ನಾನೂ ತಿಂಗಳಿಗಿಷ್ಟು ಅಂತ ಹಾಕುತ್ತಿದ್ದೆ. ಆದರೂ ಹಲ್ಲು ನೋವು ಬಂದಾಗ ಅಮ್ಮ ನಾಲ್ಕು ತಿಂಗಳು ಲವಂಗ ಕಚ್ಚಿಕೊಂಡು ಓಡಾಡಿದರು. ಎಡಗಡೆ ಅಗಿಯುವುದನ್ನೇ ಬಿಟ್ಟಿದ್ದರು, ಚಪಾತಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದರು. ನನಗೆ ಗೊತ್ತಾಗಿದ್ದು ಕೆನ್ನೆ ಊದಿಕೊಂಡ ಮೇಲೆ. ಮೊದಲೇ ಹೋಗಿದ್ದರೆ ನಾಲ್ಕೂವರೆ ಸಾವಿರದ ರೂಟ್ ಕೆನಾಲ್‌ನಲ್ಲಿ ಮುಗಿಯುತ್ತಿತ್ತಂತೆ. ಕೊನೆಗೆ ಹಲ್ಲು ಕೀಳಿಸಿ, ಅಕ್ಕಪಕ್ಕದ ಹಲ್ಲು ಸವೆಸಿ ಬ್ರಿಡ್ಜ್ ಕೂರಿಸಲು ಹದಿನಾರು ಸಾವಿರ ಆಯಿತು. ದುಡ್ಡು ಹೋಗಲಿ, ನಾಲ್ಕು ತಿಂಗಳ ನೋವು ಯಾರು ವಾಪಸ್ ಕೊಡುತ್ತಾರೆ?

ಹಲ್ಲು, ಕಣ್ಣು, ಸವೆದ ಟೈರು, ಸೋರುವ ಚಾವಣಿ, ಹಳೇ ವೈರಿಂಗ್, ನಿಲ್ಲಿಸಿದ ಬಿಪಿ ಮಾತ್ರೆ. ಇವುಗಳಲ್ಲಿ ಉಳಿಸಿದ್ದು ಉಳಿತಾಯವೇ ಅಲ್ಲ, ನಮ್ಮ ಮೈಯಿಂದಲೇ ತಗೊಂಡ ಸಾಲ. ಅದರ ಬಡ್ಡಿ ಕ್ರೆಡಿಟ್ ಕಾರ್ಡಿಗಿಂತ ಜಾಸ್ತಿ.

ಅಮ್ಮನನ್ನು ಕೇಳಿದೆ, ಯಾಕಮ್ಮಾ ಹೇಳಲಿಲ್ಲ ಅಂತ. “ದುಡ್ಡು ಇದೆ ಅಂತ ಗೊತ್ತು ಕಣೋ. ಆದ್ರೆ ಅದು ಯಾವುದಕ್ಕೆ ಅಂತ ಗೊತ್ತಿಲ್ವಲ್ಲ, ಮುಟ್ಟೋಕೆ ಭಯ” ಅಂದರು. ಹೆಸರಿಲ್ಲದ ದುಡ್ಡಿಗೆ ಹೀಗಾಗುತ್ತದೆ. ಎಲ್ಲವೂ ‘ಕಷ್ಟಕ್ಕೆ’ ಅಂತ ಇರುತ್ತದೆ, ಕಷ್ಟ ಬಂದಾಗ ಇನ್ನೂ ದೊಡ್ಡ ಕಷ್ಟ ಬರಬಹುದು ಅಂತ ಮತ್ತೆ ಮುಚ್ಚಿಡುತ್ತೇವೆ.

ಆಮೇಲೆ ಅಮ್ಮನ ಜೊತೆ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು. ರಾತ್ರಿ ದುಡ್ಡು ಇಷ್ಟು, ತುಂಬಿದೆ. ಆರು ತಿಂಗಳದ್ದು ಇಷ್ಟು, ತುಂಬಿದೆ. ಔಷಧಿ, ಹಲ್ಲು, ಕಣ್ಣಿಗೆ ವರ್ಷಕ್ಕೆ ಇಷ್ಟು, ಇದನ್ನು ವರ್ಷದೊಳಗೆ ಖರ್ಚು ಮಾಡಲೇಬೇಕು. ಕೊಡ ತುಂಬಿದ ಮೇಲೂ ನಲ್ಲಿ ಬಿಟ್ಟುಕೊಂಡೇ ಇದ್ದರೆ ನೀರು ಚರಂಡಿಗೆ, ಅದನ್ನು ಬೇರೆ ಕೊಡಕ್ಕೆ ತಿರುಗಿಸಬೇಕು ಅಲ್ವಾ? ತಿರುಗಿಸಿದ್ದಕ್ಕೆ ‘ಖುಷಿ ದುಡ್ಡು’ ಅಂತ ಹೆಸರಿಟ್ಟೆವು. ಮೈಸೂರಿನ ಆ ಮನೆಯವರ ಲೆಕ್ಕಕ್ಕೇ ಬಂದರೆ, ಹದಿನೆಂಟು ತಿಂಗಳಾದ ಮೇಲೆ ಅವರ 15 ಸಾವಿರದಲ್ಲಿ ಹತ್ತು, ಹನ್ನೊಂದು ಮುಂದಿನ ದುಡ್ಡಿಗೆ ಹೋಗಲಿ, ಉಳಿದ ನಾಲ್ಕೈದು ಸಾವಿರ ಖುಷಿ ದುಡ್ಡಾಗಲಿ. ಅದರ ಲೆಕ್ಕವನ್ನು ಯಾರೂ ಯಾರಿಗೂ ಕೊಡಬೇಕಾಗಿಲ್ಲ.

ಗಂಡ ಹೆಂಡತಿಯಲ್ಲಿ ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ ಇರುವ ಮನೆಗಳಲ್ಲಿ ಇದು ಇನ್ನೂ ಬೇಕು. ನಮ್ಮಿಬ್ಬರ ಅರ್ಧ ಜಗಳ ಇದೇ ಆಗಿತ್ತು. ಇಷ್ಟಕ್ಕೆಲ್ಲ ಯಾಕೆ ಖರ್ಚು ಅಂತ ನಾನು, ಇಷ್ಟನ್ನೂ ಮಾಡದೆ ಯಾಕೆ ದುಡಿಯೋದು ಅಂತ ಅವಳು. ಇಬ್ಬರೂ ಸರಿ. ಯಾವ ಕೊಡದಿಂದ ಅಂತ ಮಾತ್ರ ಕೇಳಿಕೊಳ್ಳಲು ಶುರುಮಾಡಿದ ಮೇಲೆ ಜಗಳ ಲೆಕ್ಕವಾಯಿತು.

ಕಳೆದ ಕಾರ್ತಿಕದಲ್ಲಿ ಅಮ್ಮ ತಮ್ಮ ಇಬ್ಬರು ತಂಗಿಯರ ಜೊತೆ ಧರ್ಮಸ್ಥಳ, ಕುಕ್ಕೆ ನೋಡಿಕೊಂಡು ಬಂದರು. ಬಸ್ಸಿಗೆ ಶಕ್ತಿ ಯೋಜನೆಯ ಟಿಕೆಟ್, ಒಂದು ರೂಪಾಯಿ ಖರ್ಚಿಲ್ಲ. ದಾರಿಗೆ ಅಂತ ಪುಳಿಯೋಗರೆ ಡಬ್ಬಿಗೆ ತುಂಬಿಕೊಂಡು ಹೋಗಿದ್ದರು, ನೀರಿನ ಬಾಟಲಿಯೂ ಮನೆಯದ್ದೇ. ಉಳಿದುಕೊಂಡಿದ್ದು ಮಾತ್ರ ಕುಕ್ಕೆಯಲ್ಲಿ ಒಂದು ಒಳ್ಳೆಯ ರೂಮು, ಬಿಸಿನೀರು ಬರುವಂಥದ್ದು, ಎರಡು ರಾತ್ರಿ. ಮೂವರೂ ಬೆಳಗಿನ ಜಾವದ ತನಕ ಮಾತಾಡಿಕೊಂಡು ಕೂತಿದ್ದರಂತೆ. ವಾಪಸ್ ಬಂದವರು ರೂಮಿನ ರಸೀದಿಯನ್ನು ನೋಟ್‌ಬುಕ್ಕಿನೊಳಗೆ ಇಟ್ಟು, ‘ಖುಷಿ’ ಅಂತ ಇದ್ದ ಪುಟದಲ್ಲಿ ಪೆನ್ಸಿಲ್ಲಿನಿಂದ 3,200 ಅಂತ ಬರೆದರು. ಪಕ್ಕದಲ್ಲಿ ಮೂವರ ಹೆಸರನ್ನೂ ಬರೆದಿದ್ದಾರೆ.